ಕೌಟು ಎಣ್ಣೆಗೆ ಮಟ್ಟೆ ಬೂದಿ

ತಿಪಟೂರು ಸೀಮೆಯ ಕೆಂಕೆರೆಯ ಮನೆಯೊಂದರ ಹಿತ್ತಲಲ್ಲಿ ಅಜ್ಜಿಯೊಬ್ಬರು ಕೌಟು ಕೊಬ್ಬರಿ ಎಣ್ಣೆ ಅಂಟಿದ ಸ್ಟೀಲು ಪಾತ್ರೆ ತಿಕ್ಕುತ್ತಿದ್ದರು. ಕೈಯಲ್ಲಿ ತೆಂಗಿನ ನಾರು, ಪಕ್ಕದಲ್ಲಿ ಒಲೆಯಿಂದ ತೆಗೆದ ಮಟ್ಟೆ ಬೂದಿ. ನೀರು ಚಿಮುಕಿಸಿ ಉಜ್ಜುತ್ತಿದ್ದಂತೆ ಬೂದಿ ನುಣುಪಾಗತೊಡಗಿತು. ನಾನೂ ಮುಟ್ಟಿ ನೋಡಿದೆ. ಸೋಪಿನದೇ ಜಾರು! ಸೋಪು ಯಾರೂ ಹಾಕಿರಲಿಲ್ಲ, ಪಾತ್ರೆಯಲ್ಲೇ ಹುಟ್ಟಿತ್ತು.

ಸೋಪಿನ ಅಣುವಿನ ತಲೆಗೆ ನೀರು ಇಷ್ಟ, ಬಾಲಕ್ಕೆ ಎಣ್ಣೆ ಇಷ್ಟ ಎಂಬುದನ್ನು ಶಾಲೆಯಲ್ಲೇ ಓದಿದ್ದೇವೆ. ಉಜ್ಜಿದಾಗ ಒಡೆದ ಜಿಡ್ಡಿನ ಹನಿಯೊಳಕ್ಕೆ ಬಾಲಗಳು ಹೊಗುತ್ತವೆ, ತಲೆಗಳು ಹೊರಗುಳಿಯುತ್ತವೆ. ಆ ತಲೆಗಳಲ್ಲಿ ಋಣ ವಿದ್ಯುದಂಶವಿರುವುದರಿಂದ ಹನಿಗಳು ಪರಸ್ಪರ ತಳ್ಳಾಡಿ, ಮತ್ತೆ ಕೂಡದೆ ನೀರಿನೊಡನೆ ಹೋಗುತ್ತವೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕೌಟು. ತಾಜಾ ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಗ್ಲಿಸರಿನ್ ಜೊತೆ ಬೆಸೆದಿರುತ್ತವೆ. ಅವನ್ನು ಬಿಡಿಸಲು ಕಾಸ್ಟಿಕ್ ಸೋಡಾದಂಥ ಬಲವಾದ ಕ್ಷಾರ ಬೇಕು. ತೇವ ತಗುಲಿ ಎಣ್ಣೆ ಕೆಟ್ಟಾಗ ಒಂದಷ್ಟು ಆಮ್ಲ ತಾನಾಗಿಯೇ ಬಿಡುಗಡೆಯಾಗುತ್ತದೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಕಾರ್ಬೊನೇಟಿನಂಥ ಮೆದು ಕ್ಷಾರವೂ ಅದನ್ನು ಥಟ್ಟನೆ ಸೋಪಾಗಿಸುತ್ತದೆ. ತಿಪಟೂರು ಸೀಮೆಯ ಉಂಡೆ ಕೊಬ್ಬರಿ ಮುಖ್ಯವಾಗಿ ತಿನ್ನಲಿಕ್ಕೆ. ಅದರಲ್ಲಿ ಕೌಟು ಬಂದದ್ದು ಎಣ್ಣೆ ಮಿಲ್ಲಿಗೆ ಹೋಗುತ್ತದೆ. ಬೆಲೆ ಕಳೆದುಕೊಂಡ ಆ ಕೆಡುಕೇ ಇಲ್ಲಿ ಪಾತ್ರೆ ತೊಳೆಯುತ್ತಿದೆ!

ಬೂದಿಗೆ ಇನ್ನೊಂದು ಕೆಲಸವೂ ಇದೆ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಸೋಪಿಗಂಟಿ ಬಿಳಿ ಗಸಿಯಾಗುತ್ತದೆ, ನೊರೆ ಸಾಯುತ್ತದೆ. ಬೂದಿಯ ಕಾರ್ಬೊನೇಟ್ ಆ ಕ್ಯಾಲ್ಸಿಯಮನ್ನು ಮೊದಲೇ ಹಿಡಿದು ಸುಣ್ಣಕಲ್ಲಿನ ಪುಡಿಯಾಗಿ ಕೆಳಗಿಳಿಸುತ್ತದೆ. ಡಿಟರ್ಜೆಂಟ್ ಪುಡಿಗೆ ವಾಷಿಂಗ್ ಸೋಡಾ ಬೆರೆಸುವುದೂ ಇದಕ್ಕೇ. ಡಿಟರ್ಜೆಂಟಿನಲ್ಲಿನ ಸಲ್ಫೊನೇಟ್ ತಲೆಯ ಅಣುಗಳು ಕ್ಯಾಲ್ಸಿಯಂ ಸಿಕ್ಕರೂ ಸುಲಭಕ್ಕೆ ಗಸಿಯಾಗುವುದಿಲ್ಲ ಎಂಬುದು ನಿಜವಾದ ಹೆಚ್ಚುಗಾರಿಕೆ. ಜಾಹೀರಾತಿನಲ್ಲಿ ಉಕ್ಕುವ ನೊರೆಯನ್ನು ಮಾತ್ರ ನಾನು ನಂಬುವುದಿಲ್ಲ. ಅಜ್ಜಿಯ ಪಾತ್ರೆಯಲ್ಲಿ ನೊರೆ ಕಾಣಲೇ ಇಲ್ಲ, ಜಿಡ್ಡು ಹೋಗಿತ್ತು.

ಕೊಬ್ಬಿನಾಮ್ಲಗಳ ಗುಟ್ಟನ್ನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್ 1823ರಲ್ಲಿ ಗ್ರಂಥವಾಗಿಸಿದ. ತೆಂಗಿನೆಣ್ಣೆಗೂ ಸೋಪಿಗೂ ಹಳೆಯ ನಂಟು: ಆ ಎಣ್ಣೆಯ ಆಮ್ಲಗಳಲ್ಲಿ ಸುಮಾರು ಅರ್ಧ, 12 ಇಂಗಾಲದ ಗಿಡ್ಡ ಬಾಲದ ಲಾರಿಕ್ ಆಮ್ಲ. ಅದರ ಸೋಪು ಸಮುದ್ರದ ಉಪ್ಪುನೀರಲ್ಲೂ ನೊರೆ ಕೊಡುತ್ತದೆ.

ಮನೆಯಲ್ಲಿ ಬೂದಿ ಹಚ್ಚಿ ನೋಡುವವರು ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಹಚ್ಚಬೇಡಿ. ಕ್ಷಾರ ತಾಗಿದರೆ ಅದು ಕಪ್ಪಾಗುತ್ತದೆ.