ಬ್ಯಾಂಕ್ ಕೈ ಬದಲಾದರೆ ನಿಮ್ಮ ಷೇರಿಗೇನಾಗುತ್ತೆ?

ವೀಕ್ಷಕರೇ, ಯಾವುದಾದರೂ ಬ್ಯಾಂಕ್ ಕೈ ಬದಲಾಗ್ತಾ ಇದೆ ಅಂತ ಸುದ್ದಿ ಬಂದ ದಿನ ನನಗೆ ಬರುವ ಮೆಸೇಜುಗಳಲ್ಲಿ ಪ್ರಶ್ನೆ ಒಂದೇ. "ಸಾರ್, ಇಪ್ಪತ್ತು ರೂಪಾಯಿಗೆ ಸಿಗ್ತಾ ಇದೆ, ದೊಡ್ಡವರು ಬರ್ತಾ ಇದಾರೆ, ಒಂದು ಸಾವಿರ ಷೇರು ಹಾಕ್ಬಿಡ್ಲಾ?" ಕೇಳುವವರಲ್ಲಿ ನಿವೃತ್ತ ಮೇಷ್ಟ್ರು ಇದ್ದಾರೆ, ಡಿಮ್ಯಾಟ್ ಖಾತೆ ತೆರೆದು ಆರು ತಿಂಗಳೂ ಆಗದ ಹುಡುಗರಿದ್ದಾರೆ. ತಗೊಳ್ಳಿ, ಬಿಡಿ ಅಂತ ಹೇಳೋದು ನನ್ನ ಕೆಲಸವಲ್ಲ, ಅದಕ್ಕೆ ಸೆಬಿಯಲ್ಲಿ ನೋಂದಾಯಿಸಿಕೊಂಡ ಸಲಹೆಗಾರರಿದ್ದಾರೆ. ಆದರೆ ಬ್ಯಾಂಕಿನ ಯಜಮಾನ ಬದಲಾಗುವಾಗ ಸಣ್ಣ ಷೇರುದಾರನಿಗೆ ಏನೇನಾಗಬಹುದು ಅನ್ನೋದನ್ನು ಬಿಡಿಸಿ ಹೇಳಬಹುದು. ಯಾಕಂದ್ರೆ ಟಿವಿ ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ "ಬ್ಯಾಂಕ್‌ಗೆ ಹೊಸ ಮಾಲೀಕ" ಅಂತ ಮೂರು ಪದಕ್ಕಷ್ಟೇ ಜಾಗ. ಅದೇ ಮೂರು ಪದ ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಸೂತಕ.

ಮೊದಲು ಸೂತಕದ ಕಥೆಯನ್ನೇ ನೋಡೋಣ. ಲಕ್ಷ್ಮೀ ವಿಲಾಸ್ ಬ್ಯಾಂಕ್. 1926ರಲ್ಲಿ ತಮಿಳುನಾಡಿನ ಕರೂರಿನಲ್ಲಿ ವ್ಯಾಪಾರಸ್ಥರು ಸೇರಿ ಕಟ್ಟಿದ ಬ್ಯಾಂಕ್. ಊರಿನ ಅಂಗಡಿ, ಜವಳಿ ವ್ಯಾಪಾರಕ್ಕೆ ಸಾಲ ಕೊಡುತ್ತಾ ದಶಕಗಳ ಕಾಲ ಚೆನ್ನಾಗಿಯೇ ನಡೆದಿತ್ತು. ಆಮೇಲೆ ದೊಡ್ಡ ಕಂಪನಿಗಳ ಸಾಲಕ್ಕೆ ಕೈಹಾಕಿತು, ವಸೂಲಾಗಲಿಲ್ಲ. 2019ರ ಏಪ್ರಿಲ್‌ನಲ್ಲಿ ಇಂಡಿಯಾಬುಲ್ಸ್ ಹೌಸಿಂಗ್ ಫೈನಾನ್ಸ್ ಜೊತೆ ವಿಲೀನ ಅಂತ ಘೋಷಣೆಯಾದಾಗ ಷೇರಿನ ಬೆಲೆ ಸುಮಾರು 90 ರೂಪಾಯಿ. ಎಷ್ಟೋ ಜನ ಆ ಸುದ್ದಿ ನಂಬಿಕೊಂಡು ಕೂತರು. ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆ ವಿಲೀನ ಬೇಡ ಅಂದುಬಿಟ್ಟಿತು. ಮುಂದಿನ ವರ್ಷ ಕ್ಲಿಕ್ಸ್ ಕ್ಯಾಪಿಟಲ್ ಜೊತೆ ಮಾತುಕತೆ, ಅದೂ ದಡ ಸೇರಲಿಲ್ಲ. 2020ರ ಸೆಪ್ಟೆಂಬರ್‌ನ ವಾರ್ಷಿಕ ಸಭೆಯಲ್ಲಿ ಷೇರುದಾರರೇ ಎದ್ದು ನಿಂತು ಎಂಡಿ ಸೇರಿ ಏಳು ನಿರ್ದೇಶಕರನ್ನು ಮತ ಹಾಕಿ ಮನೆಗೆ ಕಳಿಸಿದರು. ಅಷ್ಟು ಹೊತ್ತಿಗೆ ಬ್ಯಾಂಕಿನ ಒಳಗೆ ಏನೂ ಉಳಿದಿರಲಿಲ್ಲ. ಕೊಟ್ಟ ನೂರು ರೂಪಾಯಿ ಸಾಲದಲ್ಲಿ 24 ರೂಪಾಯಿಗೂ ಹೆಚ್ಚು ವಸೂಲಾಗದ ಬಾಕಿ. ಬಂಡವಾಳದ ಅನುಪಾತ ಸೊನ್ನೆಗಿಂತಲೂ ಕೆಳಗೆ, ಮೈನಸ್ ಶೇ. 2.85.

ನವೆಂಬರ್ 17ರ ಸಂಜೆ ಸರ್ಕಾರ ನಿರ್ಬಂಧ ಹೇರಿತು: ಖಾತೆಯಿಂದ 25 ಸಾವಿರಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಅದೇ ದಿನ ರಿಸರ್ವ್ ಬ್ಯಾಂಕ್ ಕರಡು ಯೋಜನೆಯನ್ನು ಪ್ರಕಟಿಸಿತು. ಸಿಂಗಪುರದ ಡಿಬಿಎಸ್‌ನ ಭಾರತೀಯ ಅಂಗಸಂಸ್ಥೆ ಈ ಬ್ಯಾಂಕನ್ನು ತೆಗೆದುಕೊಳ್ಳುತ್ತದೆ, 2,500 ಕೋಟಿ ರೂಪಾಯಿ ತಂದು ಹಾಕುತ್ತದೆ. ಠೇವಣಿದಾರರಿಗೆ ತೊಂದರೆ ಇಲ್ಲ. ಆದರೆ ಅದೇ ಕರಡಿನಲ್ಲಿ ಇನ್ನೊಂದು ಮಾತಿತ್ತು: ಹಳೆಯ ಷೇರು ಬಂಡವಾಳ ಪೂರ್ತಿ ವಜಾ. ಅಂದರೆ ಷೇರುದಾರನಿಗೆ ಸಿಗುವುದು ಸೊನ್ನೆ.

ಈಗ ನಾನು ಹೇಳೋದನ್ನು ಸ್ವಲ್ಪ ಗಮನವಿಟ್ಟು ಕೇಳಿ. ಸೊನ್ನೆ ಅಂತ ಬರೆದಿದ್ದು ಎಲ್ಲರಿಗೂ ಕಾಣುವ ಹಾಗೆ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿತ್ತು. ಆದರೂ ಮಾರನೇ ದಿನದಿಂದ ಒಂದು ವಾರ ಷೇರು ಪೇಟೆಯಲ್ಲಿ ಆ ಷೇರಿನ ವಹಿವಾಟು ನಡೆಯುತ್ತಲೇ ಇತ್ತು! ಹದಿನೈದು ರೂಪಾಯಿ ಚಿಲ್ಲರೆ ಇದ್ದದ್ದು ಹನ್ನೆರಡಾಯಿತು, ಹತ್ತಾಯಿತು, ಎಂಟಕ್ಕೂ ಕೆಳಗಿಳಿಯಿತು. ಮಾರಾಟ ಆಗಬೇಕಾದರೆ ಎದುರುಗಡೆ ಕೊಳ್ಳುವವನು ಬೇಕಲ್ಲ? ಯಾರೋ ಕೊಂಡರು. "ಡಿಬಿಎಸ್ ಅಂಥ ದೊಡ್ಡ ಬ್ಯಾಂಕ್ ಬರ್ತಿದೆ, ಎಂಟು ರೂಪಾಯಿಗೆ ಸಿಕ್ಕರೆ ಬಿಡೋದುಂಟಾ" ಅಂತಲೇ ಕೊಂಡಿರಬೇಕು. ನವೆಂಬರ್ 25ಕ್ಕೆ ಕೇಂದ್ರ ಸಂಪುಟ ಒಪ್ಪಿತು, 27ಕ್ಕೆ ವಿಲೀನ ಜಾರಿಯಾಯಿತು, ಷೇರು ಇಲ್ಲವಾಯಿತು. ಕೋರ್ಟಿಗೆ ಹೋದವರಿದ್ದಾರೆ, ವಿಲೀನ ನಿಲ್ಲಲಿಲ್ಲ.

ಇದು ಅನ್ಯಾಯ ಅಲ್ವಾ ಅಂತ ಕೇಳ್ತೀರಿ. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಇದು ಫ್ಯೂಸ್ ತರಹ ಕಾಣುತ್ತೆ. ಮನೆಯಲ್ಲಿ ಕರೆಂಟ್ ಹೆಚ್ಚಾದರೆ ಮೊದಲು ಸುಡಬೇಕಾದ್ದು ಫ್ಯೂಸ್ ತಂತಿ. ಅದು ಸುಟ್ಟರೆ ಫ್ರಿಜ್ಜು, ಟಿವಿ ಉಳಿಯುತ್ತವೆ. ಬ್ಯಾಂಕಿನಲ್ಲಿ ಷೇರು ಬಂಡವಾಳ ಆ ತಂತಿ. ನಷ್ಟ ಬಂದರೆ ಮೊದಲು ಅದು ಸುಡುತ್ತದೆ, ಆಮೇಲೆ ಬಾಂಡ್ ಕೊಂಡವರು, ಕಟ್ಟಕಡೆಗೆ ಠೇವಣಿದಾರ. ನೀವು ಎಫ್‌ಡಿ ಇಟ್ಟಾಗ ಬ್ಯಾಂಕ್ ನಿಮಗೆ ಸಾಲಗಾರ, ಐದು ಲಕ್ಷದವರೆಗೆ ವಿಮೆಯೂ ಉಂಟು. ಷೇರು ಕೊಂಡಾಗ ನೀವೇ ಯಜಮಾನರಲ್ಲೊಬ್ಬರು. ಯಜಮಾನನಿಗೆ ವಿಮೆ ಇಲ್ಲ. "ಬ್ಯಾಂಕ್ ಉಳಿಯಿತು" ಅನ್ನೋ ಸುದ್ದಿಗೂ "ಷೇರುದಾರ ಉಳಿದ" ಅನ್ನೋ ಸುದ್ದಿಗೂ ಸಂಬಂಧವೇ ಇಲ್ಲದಿರಬಹುದು.

ಬೇರೆ ಕಂಪನಿಗಳ ಲೆಕ್ಕ ಇಲ್ಲಿ ನಡೆಯೋದಿಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಕಾನೂನು. ಬ್ಯಾಂಕಿನ ಷೇರಿನಲ್ಲಿ ಶೇ. 5 ಅಥವಾ ಅದಕ್ಕಿಂತ ಹೆಚ್ಚು ಹೊಂದಬೇಕಾದರೆ ರಿಸರ್ವ್ ಬ್ಯಾಂಕಿನ ಅನುಮತಿ ಬೇಕು. ಖಾಸಗಿ ಬ್ಯಾಂಕಿನಲ್ಲಿ ಎಷ್ಟೇ ಷೇರಿದ್ದರೂ ಒಬ್ಬರ ಮತದ ಬಲ ಶೇ. 26ಕ್ಕೆ ನಿಲ್ಲುತ್ತದೆ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 44ಎ ಕಲಮಿನಡಿ ಇಬ್ಬರೂ ಒಪ್ಪಿ ವಿಲೀನವಾದರೆ ಷೇರುದಾರರ ಮತ ಕೇಳುತ್ತಾರೆ, ಮೌಲ್ಯದ ಲೆಕ್ಕದಲ್ಲಿ ಮೂರನೇ ಎರಡರಷ್ಟು ಒಪ್ಪಿಗೆ ಬೇಕು. ಅದೇ 45ನೇ ಕಲಮಿನಡಿ ರಕ್ಷಣೆಗೆ ಬಂದರೆ ನಿಮ್ಮ ಮತ ಕೇಳುವವರಿಲ್ಲ. ಹಾಗಾಗಿ ಸುದ್ದಿ ಓದುವಾಗ ಯಾರು ಬರ್ತಿದಾರೆ ಅನ್ನೋದಕ್ಕಿಂತ ಮೊದಲು ಯಾವ ಕಲಮಿನಲ್ಲಿ ಬರ್ತಿದಾರೆ ಅಂತ ನೋಡಿ. ಬೇಜಾರಿನ ಕೆಲಸ ನಿಜ, ಆದರೆ ಇಡೀ ಕಥೆಯ ಕೀಲಿ ಅಲ್ಲಿದೆ.

45ನೇ ಕಲಮಿನಲ್ಲಿ ಯಾವಾಗಲೂ ಸೊನ್ನೆಯೇ ಅಂತಲೂ ಅಲ್ಲ. ಯೆಸ್ ಬ್ಯಾಂಕ್ ನೆನಪಿದೆಯಲ್ಲ? 2020ರ ಮಾರ್ಚ್ 5ರಂದು ನಿರ್ಬಂಧ, 50 ಸಾವಿರದ ಮಿತಿ, ಎಟಿಎಂ ಮುಂದೆ ಸಾಲು. ಅಲ್ಲಿ ಸ್ಟೇಟ್ ಬ್ಯಾಂಕಿನ ನೇತೃತ್ವದಲ್ಲಿ ಹಲವು ಬ್ಯಾಂಕುಗಳು ಷೇರಿಗೆ 10 ರೂಪಾಯಿಯಂತೆ ಸುಮಾರು 10 ಸಾವಿರ ಕೋಟಿ ಹಾಕಿದವು. ಹಳೆಯ ಷೇರುಗಳನ್ನು ಅಳಿಸಲಿಲ್ಲ. ಆದರೆ ನೂರಕ್ಕಿಂತ ಹೆಚ್ಚು ಷೇರು ಇದ್ದವರು ಮುಕ್ಕಾಲು ಭಾಗವನ್ನು ಮೂರು ವರ್ಷ ಮಾರುವಂತಿಲ್ಲ ಅಂತ ಬೀಗ ಹಾಕಿದರು. ವಿಚಿತ್ರ ಏನಂದ್ರೆ, ಎಟಿ-1 ಅನ್ನೋ ಬಾಂಡ್ ಕೊಂಡವರ 8,415 ಕೋಟಿ ಪೂರ್ತಿ ವಜಾ ಆಯಿತು. ಫ್ಯೂಸಿಗಿಂತ ಮೊದಲು ಫ್ರಿಜ್ಜು ಸುಟ್ಟ ಹಾಗೆ! ಆ ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು.

ಯೆಸ್ ಬ್ಯಾಂಕ್ ಷೇರುದಾರ ಉಳಿದ, ಸರಿ. ಎಷ್ಟು ಉಳಿದ? ಇಲ್ಲಿ ಒಂದು ಸಣ್ಣ ಭಾಗಾಕಾರ ಮಾಡಬೇಕು. ರಕ್ಷಣೆಗೆ ಮುಂಚೆ ಆ ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 255 ಕೋಟಿ ಷೇರು. 10 ರೂಪಾಯಿಯ ಹೊಸ ಷೇರು ಬಂದ ಮೇಲೆ 1,255 ಕೋಟಿ. ಅದೇ ವರ್ಷ ಜುಲೈನಲ್ಲಿ 12 ರೂಪಾಯಿಯಂತೆ ಮತ್ತೆ 15 ಸಾವಿರ ಕೋಟಿ ಎತ್ತಿದ ಮೇಲೆ 2,505 ಕೋಟಿ. ಈಗ 3,100 ಕೋಟಿಗೂ ಹೆಚ್ಚು. ಮೊದಲು ಪೂರ್ತಿ ರೊಟ್ಟಿ ಹಳಬರದ್ದು, ಈಗ ಅದೇ ಷೇರುಗಳಿಗೆ ಸಿಗೋದು ಹನ್ನೆರಡರಲ್ಲಿ ಒಂದು ತುಂಡು. ಈಗಲೂ ಕೆಲವರು "ಒಂದು ಕಾಲದಲ್ಲಿ 400 ಇತ್ತು ಸಾರ್, ಮತ್ತೆ ಬಂದೇ ಬರುತ್ತೆ" ಅಂತಾರೆ. 2018ರಲ್ಲಿ 400 ರೂಪಾಯಿ ಇದ್ದಾಗ ಷೇರುಗಳು ಸುಮಾರು 230 ಕೋಟಿ, ಇಡೀ ಬ್ಯಾಂಕಿನ ಬೆಲೆ 92 ಸಾವಿರ ಕೋಟಿ. ಇವತ್ತು ಅದೇ 400 ಆಗಬೇಕಾದರೆ ಬ್ಯಾಂಕಿನ ಬೆಲೆ ಹನ್ನೆರಡು ಲಕ್ಷ ಕೋಟಿ ದಾಟಬೇಕು. 2025ರಲ್ಲಿ ಸ್ಟೇಟ್ ಬ್ಯಾಂಕಿನ ಇಡೀ ಷೇರು ಮೌಲ್ಯವೇ ಅಷ್ಟಿರಲಿಲ್ಲ. ಹಳೆ ಬೆಲೆ ನೋಡಿ "ಅಗ್ಗ" ಅನ್ನೋರು ಷೇರುಗಳ ಸಂಖ್ಯೆಯನ್ನು ನೋಡೋದೇ ಇಲ್ಲ.

2025ರಲ್ಲಿ ಯೆಸ್ ಬ್ಯಾಂಕಿಗೆ ಮತ್ತೊಂದು ತಿರುವು. ಜಪಾನಿನ ಸುಮಿಟೊಮೊ ಮಿತ್ಸುಯಿ ಬ್ಯಾಂಕಿಂಗ್ ಕಾರ್ಪೊರೇಷನ್ ಷೇರಿಗೆ 21 ರೂಪಾಯಿ 50 ಪೈಸೆಯಂತೆ ಶೇ. 20 ಪಾಲನ್ನು 13,483 ಕೋಟಿಗೆ ಕೊಳ್ಳುವುದಾಗಿ ಮೇ ತಿಂಗಳಲ್ಲಿ ಘೋಷಣೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ದುಬೈನ ಎಮಿರೇಟ್ಸ್ ಎನ್‌ಬಿಡಿ ನಮ್ಮ ಪಕ್ಕದ ಕೊಲ್ಹಾಪುರದಲ್ಲಿ ರತ್ನಾಕರ ಬ್ಯಾಂಕ್ ಅಂತ ಹುಟ್ಟಿದ ಆರ್‌ಬಿಎಲ್ ಬ್ಯಾಂಕಿನ ಶೇ. 60ರಷ್ಟು ಪಾಲಿಗಾಗಿ 26,853 ಕೋಟಿ ಹಾಕುವುದಾಗಿ ಹೇಳಿತು, ಷೇರಿಗೆ 280 ರೂಪಾಯಿ. ಎರಡೂ "ವಿದೇಶಿ ಬ್ಯಾಂಕ್ ಎಂಟ್ರಿ" ಅಂತ ಒಂದೇ ತರಹದ ಸುದ್ದಿಯಾದವು. ಆದರೆ ದುಡ್ಡು ಯಾರ ಜೇಬಿಗೆ ಹೋಗುತ್ತೆ ನೋಡಿ. ಯೆಸ್ ಬ್ಯಾಂಕ್ ವ್ಯವಹಾರದಲ್ಲಿ 13,483 ಕೋಟಿ ಹೋಗುವುದು ಷೇರು ಮಾರಿದ ಸ್ಟೇಟ್ ಬ್ಯಾಂಕಿಗೆ ಮತ್ತು ಇತರ ಬ್ಯಾಂಕುಗಳಿಗೆ. ಯೆಸ್ ಬ್ಯಾಂಕಿನ ತಿಜೋರಿಗೆ ಒಂದು ರೂಪಾಯಿಯೂ ಬೀಳುವುದಿಲ್ಲ. ಮನೆ ಮಾರಿದರೆ ದುಡ್ಡು ಹಳೆ ಯಜಮಾನನಿಗೆ, ಗೋಡೆಗಲ್ಲ. ಆರ್‌ಬಿಎಲ್ ಯೋಜನೆಯಲ್ಲಿ ಹೊಸ ಷೇರು ಹುಟ್ಟಿಸುತ್ತಾರೆ, ಆ ದುಡ್ಡು ಬ್ಯಾಂಕಿನೊಳಕ್ಕೇ ಬಂದು ಸಾಲ ಕೊಡುವ ಬಂಡವಾಳವಾಗುತ್ತದೆ. ಎರಡರಲ್ಲೂ ಲಾಭ ಇರಬಹುದು: ಒಳ್ಳೆಯ ಯಜಮಾನ ಬಂದರೆ ಠೇವಣಿ ಕಡಿಮೆ ಬಡ್ಡಿಗೆ ಸಿಗಬಹುದು, ರೇಟಿಂಗ್ ಸುಧಾರಿಸಬಹುದು. ಆದರೆ ಒಂದು ಮುಂದೆ ಯಾವಾಗಲೋ ಬರುವ ಲಾಭ, ಇನ್ನೊಂದು ಅಂದೇ ಕೈಗೆ ಬರುವ ಬಂಡವಾಳ.

ಇನ್ನೊಂದು ವ್ಯತ್ಯಾಸ ಓಪನ್ ಆಫರ್. ಸೆಬಿ ನಿಯಮದ ಪ್ರಕಾರ ಯಾರಾದರೂ ಶೇ. 25 ಮುಟ್ಟಿದರೆ ಉಳಿದ ಷೇರುದಾರರಿಂದ ಕನಿಷ್ಠ ಇನ್ನೂ ಶೇ. 26 ಷೇರು ಕೊಳ್ಳುತ್ತೇನೆ ಅಂತ ಮುಂದೆ ಬರಲೇಬೇಕು. ಆರ್‌ಬಿಎಲ್‌ನಲ್ಲಿ ಹಾಗೆ ಬಂತು. ಜಪಾನಿನವರಿಗೆ ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿದ್ದು ಎಷ್ಟರವರೆಗೆ ಗೊತ್ತಾ? ಶೇ. 24.99. ಆ ಒಂದು ಪೈಸೆಯ ಅಂತರದಲ್ಲಿ ಸಣ್ಣ ಷೇರುದಾರನ ಓಪನ್ ಆಫರ್ ಕೂತಿದೆ. ಇನ್ನು ಓಪನ್ ಆಫರ್ ಬಂದರೂ ಅದು ಉಡುಗೊರೆ ಅಲ್ಲ. ಆರ್‌ಬಿಎಲ್ ಘೋಷಣೆಯ ಹೊತ್ತಿಗೆ ಪೇಟೆಯ ಬೆಲೆಯೇ 280 ದಾಟಿತ್ತು. ಪೇಟೆಯಲ್ಲಿ ಹೆಚ್ಚು ಸಿಗುವಾಗ ಕಡಿಮೆಗೆ ಯಾರು ಕೊಡ್ತಾರೆ?

ವಿಲೀನದ ಲೆಕ್ಕ ನಮ್ಮ ಕರ್ನಾಟಕದವರಿಗೆ ಹೊಸದಲ್ಲ. 1930ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವೈಶ್ಯ ಬ್ಯಾಂಕ್, ಐಎನ್‌ಜಿ ವೈಶ್ಯ ಆಗಿ, 2015ರ ಏಪ್ರಿಲ್ 1ರಂದು ಕೋಟಕ್ ಮಹೀಂದ್ರದೊಳಗೆ ಸೇರಿತು. 1000 ಷೇರಿಗೆ ಕೋಟಕ್‌ನ 725 ಷೇರು. ಅದೇ ವರ್ಷ ಕೋಟಕ್ ಒಂದಕ್ಕೊಂದು ಬೋನಸ್ ಕೊಟ್ಟಿದ್ದರಿಂದ ಅದು 1450 ಆಯಿತು. ತಾತ ಬಸವನಗುಡಿ ಶಾಖೆಯ ಮ್ಯಾನೇಜರ್ ಮಾತು ಕೇಳಿ ತಗೊಂಡಿದ್ದ ಕಾಗದದ ಷೇರು ಮೊಮ್ಮಕ್ಕಳಿಗೆ ಹಬ್ಬವಾಗಿದ್ದರೆ ಅದು ಈ ತರಹದ ಕೈ ಬದಲಾವಣೆಯಿಂದ. ಅನುಪಾತ ಘೋಷಣೆಯಾದ ಮೇಲೆ ಮಾತ್ರ ಒಂದು ಮಾತು ತಿಳಿದಿರಲಿ. ಕೋಟಕ್ 1000 ರೂಪಾಯಿ ಇದ್ದರೆ ವೈಶ್ಯ 725ರ ಆಸುಪಾಸಿನಲ್ಲೇ ಸುತ್ತುತ್ತದೆ. ಆಗ ವೈಶ್ಯ ಕೊಳ್ಳುವುದು ಅಂದರೆ ಹಿಂಬಾಗಿಲಿನಿಂದ ಕೋಟಕ್ ಕೊಳ್ಳುವುದು, ಅಷ್ಟೇ. ಅಲ್ಲಿ ಬೇರೆ ಲಾಟರಿ ಇಲ್ಲ.

ವಿಜಯಾ ಬ್ಯಾಂಕಿನದು ಮಾತ್ರ ಕರಾವಳಿಯಲ್ಲಿ ಇವತ್ತಿಗೂ ಆರದ ನೋವು. 1931ರಲ್ಲಿ ಮಂಗಳೂರಿನಲ್ಲಿ ಎ.ಬಿ. ಶೆಟ್ಟಿ ಮತ್ತು ಬಂಟ ಸಮಾಜದ ಇತರರು ಕಟ್ಟಿದ್ದು. ಬ್ಯಾಂಕ್ ಆಫ್ ಬರೋಡ, ದೇನಾ, ವಿಜಯಾ ಮೂರರಲ್ಲಿ 2017-18ರಲ್ಲಿ ಲಾಭ ತೋರಿಸಿದ್ದು ವಿಜಯಾ ಒಂದೇ, 727 ಕೋಟಿ. ಆದರೆ ಹೆಸರು ಉಳಿದಿದ್ದು ಬರೋಡದ್ದು. 1000 ವಿಜಯಾ ಷೇರಿಗೆ 402 ಬರೋಡ ಷೇರು, ದೇನಾದವರಿಗೆ 110. ಸರ್ಕಾರಿ ಬ್ಯಾಂಕುಗಳ ವಿಲೀನ ಬೇರೆಯದೇ ಕಾಯ್ದೆಯಲ್ಲಿ ನಡೆಯುತ್ತೆ, ಅಲ್ಲಿ ಷೇರುದಾರರ ಮತದಾನವೇ ಇಲ್ಲ. ಲಾಭದ ಬ್ಯಾಂಕಿಗೆ ಹೆಚ್ಚು ಸಿಕ್ಕಿತು ನಿಜ. ಆದರೆ ಆ ಷೇರುದಾರ ತಾನು ಬಯಸದೆ ಇನ್ನೆರಡು ಬ್ಯಾಂಕುಗಳ ಹಳೇ ಸಾಲಕ್ಕೂ ಪಾಲುದಾರನಾದ. ಮುಂದೆ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದಾಗಲೂ ಇದೇ ದಾರಿ.

ಕೊನೆಗೆ, ಈಗ ಬಹಳ ಜನ ಕೇಳ್ತಿರೋ ಐಡಿಬಿಐ. ಸರ್ಕಾರ ಮತ್ತು ಎಲ್‌ಐಸಿ ಸೇರಿ ಶೇ. 94ಕ್ಕೂ ಹೆಚ್ಚು ಇಟ್ಟುಕೊಂಡಿವೆ, ಅದರಲ್ಲಿ ಶೇ. 60.72 ಮಾರುವುದಾಗಿ 2022ರ ಅಕ್ಟೋಬರ್‌ನಲ್ಲಿ ಆಸಕ್ತರನ್ನು ಕರೆದರು. ಆಮೇಲೆ ಮೂರು ವರ್ಷ "ಅಂತಿಮ ಹಂತ" ಅನ್ನೋ ಸುದ್ದಿ ಬರುತ್ತಲೇ ಇತ್ತು, ಬಂದಾಗಲೆಲ್ಲ ಷೇರು ಕುಣಿಯುತ್ತಿತ್ತು. ಇದು ಮುಳುಗುವ ಬ್ಯಾಂಕಲ್ಲ, ಲಾಭಕ್ಕೆ ಮರಳಿದ ಬ್ಯಾಂಕ್. ಹಾಗಾಗಿ ಲಕ್ಷ್ಮೀ ವಿಲಾಸ್‌ನ ಭಯ ಇಲ್ಲಿಗೆ ಸಲ್ಲದು. ಇಲ್ಲಿ ಕೇಳಿಕೊಳ್ಳಬೇಕಾದ್ದು ಬೇರೆ: ಪೇಟೆಯಲ್ಲಿ ಓಡಾಡುವ ಷೇರು ಶೇ. 6ಕ್ಕೂ ಕಡಿಮೆ. ಇಷ್ಟು ಕಡಿಮೆ ಷೇರಿನ ಮೇಲೆ ನಿಂತ ಬೆಲೆಯನ್ನು, ಅರ್ಧಕ್ಕಿಂತ ಹೆಚ್ಚು ಬ್ಯಾಂಕ್ ಕೊಳ್ಳಲು ಬಂದವನು ಒಪ್ಪಬೇಕೆಂದೇನಿಲ್ಲ. ಅವನು ಲೆಕ್ಕ ಹಾಕುವುದು ಸಾಲದ ಪುಸ್ತಕ ನೋಡಿ, ನಮ್ಮ ಪರದೆಯ ಕೆಳಗಿನ ಪಟ್ಟಿ ನೋಡಿ ಅಲ್ಲ.