ಹಳೆಯ ಬೀದಿ ಮತ್ತು ಪೆನ್ಸಿಲ್: ಮತ್ರಾದ ಒಂದು ಪಾಠ

ಯುರೋಪಿನ ಹಳೆಯ ಬೀದಿಗಳ ನೈಜ ಪೆನ್ಸಿಲ್ ಚಿತ್ರಗಳಿಗೆ ಆಧಾರ ಯಥಾದರ್ಶನ, ಅಂದರೆ ಪರ್ಸ್ಪೆಕ್ಟಿವ್. ಫ್ಲಾರೆನ್ಸಿನ ಬ್ರುನೆಲೆಸ್ಕಿ ಪ್ರಯೋಗದಿಂದ ತೋರಿಸಿದ ಈ ಸೂತ್ರವನ್ನು ಆಲ್ಬರ್ಟಿ 1435ರಲ್ಲಿ ಗ್ರಂಥವಾಗಿಸಿದನು. ನೇರ ಬೀದಿಯ ಸೂರು, ಕಿಟಕಿ, ನೆಲಗಲ್ಲುಗಳ ಸಾಲುಗಳು ಕಣ್ಣಿನ ಮಟ್ಟದ ಒಂದೇ ಬಿಂದುವಿನತ್ತ ಸರಿಯುತ್ತವೆ.

ಮಸ್ಕತ್ತಿನ ಮತ್ರಾ ಮಾರುಕಟ್ಟೆಯಲ್ಲಿ ಒಂದು ಬಿಂದು ಸಾಲದು. ಅಲ್ಲಿನ ಓಣಿಗಳು ತಿರುಗುತ್ತಲೇ ಸಾಗುತ್ತವೆ. ಪ್ರತಿ ತಿರುವಿನ ಗೋಡೆಗೂ ಬೇರೆ ಬಿಂದು ಬೇಕು. ಸಮತಲ ಓಣಿಯಲ್ಲಿ ಅವೆಲ್ಲ ಒಂದೇ ದಿಗಂತರೇಖೆಯ ಮೇಲಿರುತ್ತವೆ. ನೆಲ ಏರಿದರೆ ನೆಲದ ರೇಖೆಗಳ ಬಿಂದುವೂ ಏರುತ್ತದೆ.

ಎರಡನೆಯ ಸವಾಲು ಬೆಳಕು. ಬಿಸಿಲು ನುಸುಳದ ಈ ಇಕ್ಕಟ್ಟಿನ ಪೇಟೆಗೆ ‘ಸೂಕ್ ಅಲ್ ಧಲಾಮ್’, ಎಂದರೆ ಕತ್ತಲೆಯ ಪೇಟೆ, ಎಂಬ ಹೆಸರೂ ಉಂಟು. ಫ್ರಾನ್ಸಿನ ಕೋಂಟೆ 1795ರಲ್ಲಿ ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಪೆನ್ಸಿಲಿನ ಗಡಸುತನವನ್ನು ನಿಯಂತ್ರಿಸಿದುದು ಇಲ್ಲಿ ನೆರವಾಗುತ್ತದೆ: ಬಿಸಿಲ ಗೋಡೆಗೆ ಗಡಸು ಎಚ್, ಒಳಗಿನ ನೆರಳಿಗೆ ಮೃದು ಬಿ. ಬಿಸಿಲನ್ನು ಬರೆಯಲಾಗದು; ಕಾಗದದ ಬಿಳುಪನ್ನೇ ಉಳಿಸಬೇಕು.

ಇದು ಕೇವಲ ಅಂದದ ಮಾತಲ್ಲ. 1792ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಚಿತ್ರಿಸಿದ್ದ ಥಾಮಸ್ ಡೇನಿಯಲ್ ಹಾಗೂ ಆತನ ಸೋದರನ ಮಗ ವಿಲಿಯಂ, ಮರುವರ್ಷ ಮಸ್ಕತ್ತಿಗೂ ಬಂದರು. ಛಾಯಾಚಿತ್ರವೇ ಇಲ್ಲದ ಆ ಕಾಲದ ಬಂದರು ನಮಗೆ ಕಾಣುವುದು ಅಂಥ ಕೈಗಳಿಂದಲೇ. 1970ರ ನಂತರದ ನವನಿರ್ಮಾಣದಲ್ಲಿ ಹಳೆಯ ಮಸ್ಕತ್ತಿನ ಅನೇಕ ಮನೆಗಳು ಇಲ್ಲವಾದವು. ಆದ್ದರಿಂದ ಇಂದು ಮತ್ರಾವನ್ನು ಬರೆಯುವವರು ಬಾಗಿಲಿನ ಎತ್ತರ, ಮರದ ಮೊಗಸಾಲೆಯ ಕಂಬಗಳ ಸಂಖ್ಯೆ, ಓಣಿಯ ಅಗಲಗಳನ್ನು ಊಹಿಸದೆ ಅಳೆದು ಬರೆಯುವುದು ಲೇಸು. ಬೀದಿ ಬದಲಾದ ಮೇಲೆ ಆ ಹಾಳೆಯೇ ಅದರ ದಾಖಲೆ.