ಬಚ್ಚಲುಮನೆಗೆ ಬಂದ ಕೆಸುವಿನ ನೆಂಟರು

ಊರಿನ ಮನೆಗಳಲ್ಲಿ ಬಚ್ಚಲ ನೀರು ಹಿತ್ತಲಿಗೆ ಹರಿಯುತ್ತಿತ್ತು. ಅಲ್ಲಿ ಬಾಳೆ, ಕೆಸು ಯಾರ ಆರೈಕೆಯೂ ಇಲ್ಲದೆ ಸೊಂಪಾಗಿ ಬೆಳೆಯುತ್ತಿದ್ದವು. ಮುಂಬಯಿಯ ಫ್ಲ್ಯಾಟಿನಲ್ಲಿ ಹಿತ್ತಲೆಲ್ಲಿಂದ ಬರಬೇಕು? ಹಸಿರು ಬೇಕೆಂದರೆ ಕುಂಡವನ್ನೇ ಬಚ್ಚಲುಮನೆಯೊಳಗೆ ತರಬೇಕು.

ನಾನು ಮೊದಲು ತಂದದ್ದು ಜರಿಗಿಡ. ಅದಕ್ಕೆ ತೇವ ಇಷ್ಟ ಎಂದು ಕೇಳಿದ್ದೆ. ಆದರೆ ನಮ್ಮ ಬಾತ್‌ರೂಮಿನ ಕಿಟಕಿ ಕಟ್ಟಡದ ಡಕ್ಟಿನ ಕಡೆಗಿದೆ. ಹಗಲಲ್ಲೂ ದೀಪ ಹಾಕಬೇಕು. ದಿನಾ ನೀರು ಹಾಕಿದೆ. ತಿಂಗಳೊಳಗೆ ಎಲೆ ಹಳದಿಯಾಗಿ ಬುಡ ಕೊಳೆಯಿತು.

ಆಮೇಲೆ ಅರ್ಥವಾಯಿತು: ಗಿಡ ಆಹಾರ ತಯಾರಿಸಿಕೊಳ್ಳುವುದು ಬೆಳಕಿನಿಂದ. ಬೆಳಕು ಕಡಿಮೆಯಾದರೆ ಅದು ನೀರನ್ನೂ ಕಡಿಮೆ ಕುಡಿಯುತ್ತದೆ. ಮಣ್ಣು ಒಣಗದೆ ಬೇರು ಉಸಿರುಗಟ್ಟುತ್ತದೆ.

ಹಾಗಾಗಿ ಗಿಡ ಕೊಳ್ಳುವ ಮೊದಲು ಮಧ್ಯಾಹ್ನ ಬಾತ್‌ರೂಮಿನ ದೀಪ ಆರಿಸಿ ನೋಡಿ. ಪೇಪರ್ ಸಲೀಸಾಗಿ ಓದಲು ಬಂದರೆ ಜರಿಗಿಡ, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿ ಇಡಬಹುದು. ಬೆಳಕು ಮಂದವಾಗಿದ್ದರೆ ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಝಡ್‌ಝಡ್ ಪ್ಲಾಂಟ್ ಸಾಕು. ಕಿಟಕಿಯೇ ಇಲ್ಲದಿದ್ದರೆ ಎರಡು ಕುಂಡ ಇಟ್ಟುಕೊಳ್ಳಿ; ಒಂದು ವಾರ ಒಂದು ಒಳಗೆ, ಇನ್ನೊಂದು ಬಾಲ್ಕನಿಯ ನೆರಳಿನಲ್ಲಿ.

ನೀರು ಹಾಕುವ ಮುನ್ನ ಬೆರಳನ್ನು ಒಂದಂಗುಲ ಮಣ್ಣಿಗೆ ಇಳಿಸಿ. ತೇವವಿದ್ದರೆ ಬೇಡ. ಸ್ನೇಕ್ ಪ್ಲಾಂಟ್, ಝಡ್‌ಝಡ್‌ಗಳಿಗಾದರೆ ಮಣ್ಣು ಪೂರ್ತಿ ಒಣಗಲಿ. ಮಳೆಗಾಲದಲ್ಲಿ ಇನ್ನೂ ಕಡಿಮೆ ಸಾಕು. ಕುಂಡದ ತಳದಲ್ಲಿ ತೂತಿರಲಿ. ಸೋಪಿನ ನೀರು, ಟಾಯ್ಲೆಟ್ ತೊಳೆಯುವ ಆಸಿಡ್ ಸಿಡಿಯದ ಜಾಗದಲ್ಲಿ, ಗೀಸರಿನಿಂದ ದೂರ ಇಡಿ. ತಿಂಗಳಿಗೆರಡು ಸಲ ಒದ್ದೆ ಬಟ್ಟೆಯಿಂದ ಎಲೆ ಒರೆಸಿ.

ಒಂದು ಮಾತು ಮರೆಯಬೇಡಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಕುಂಡದ ಕೆಳಗಿನ ತಟ್ಟೆಯೂ ಮನಿ ಪ್ಲಾಂಟಿನ ಬಾಟಲಿಯೂ ಅದಕ್ಕೆ ಸಾಕು. ತಟ್ಟೆಯ ನೀರು ಆಗಾಗ ಚೆಲ್ಲಿ. ಬಾಟಲಿಯನ್ನು ವಾರಕ್ಕೊಮ್ಮೆಯಾದರೂ ಉಜ್ಜಿ ತೊಳೆದು ಹೊಸ ನೀರು ತುಂಬಿ.

ಇನ್ನೊಂದು ಸ್ವಾರಸ್ಯ: ಮನಿ ಪ್ಲಾಂಟ್, ಪೀಸ್ ಲಿಲಿ, ಝಡ್‌ಝಡ್ ಮೂರೂ ಕೆಸುವಿನ ಕುಟುಂಬದವೇ. ಹಸಿ ಕೆಸುವಿನಂತೆ ಇವನ್ನು ಜಗಿದರೂ ಬಾಯಿ, ನಾಲಿಗೆ ಉರಿಯುತ್ತದೆ. ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಇಲ್ಲವೇ ಸ್ಪೈಡರ್ ಪ್ಲಾಂಟ್ ಆರಿಸಿ.

ನಮ್ಮ ಮನೆಯಲ್ಲಿ ಈಗ ಎರಡು ಮನಿ ಪ್ಲಾಂಟ್‌ಗಳಿಗೆ ಪಾಳಿಯ ಡ್ಯೂಟಿ. ಭಾನುವಾರ ಬೆಳಿಗ್ಗೆ ಶಿಫ್ಟ್ ಬದಲಾಗುತ್ತದೆ. ಹಿತ್ತಲಿನ ಕೆಸು ಬರಲಿಲ್ಲ ನಿಜ. ಅದರ ನೆಂಟರಾದರೂ ಬಂದು ನೆಲೆಸಿದ್ದಾರೆ.